ತಿರುಪತಿ ತಿಮ್ಮಪ್ಪನ ದರ್ಶನ: ಯಾವ ಸಾಲು ಯಾರಿಗೆ?

ತಿರುಪತಿಗೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು "ದರ್ಶನ ಚೆನ್ನಾಗಿ ಆಯ್ತಾ?" ಅಂತ. ಅದರ ಬೆನ್ನಿಗೇ "ಎಷ್ಟು ಹೊತ್ತು ಹಿಡೀತು?" ಅಂತ. ಒಬ್ಬರು ಎರಡೂವರೆ ಗಂಟೆ ಅನ್ನುತ್ತಾರೆ. ಇನ್ನೊಬ್ಬರು 20 ಗಂಟೆ ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹೋದ ವಾರ ಒಂದೇ, ನೋಡಿದ ದೇವರು ಒಂದೇ, ನಿಂತ ಸಾಲು ಮಾತ್ರ ಬೇರೆ.

ಬೆಂಗಳೂರಿನಿಂದ ನಾನು ಹೆಚ್ಚುಕಡಿಮೆ ವರ್ಷಕ್ಕೊಂದು ಸಲ ಬೆಟ್ಟಕ್ಕೆ ಹೋಗುತ್ತೇನೆ. ಒಮ್ಮೆ ಗೆಳೆಯರ ಜೊತೆ ಮೆಟ್ಟಿಲು ಹತ್ತಿದ್ದೇನೆ. ಒಮ್ಮೆ ಅಕ್ಕನ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಮಂಡಿ ನೋವಿನ ಅಮ್ಮನ ಜೊತೆ ಮೂರು ಸಲ ಹೋಗಿದ್ದೇನೆ. ನನಗೆ ತಿಳಿದದ್ದು ಇಷ್ಟು. ದಿನಕ್ಕೆ 60-70 ಸಾವಿರ ಜನ ಬರುವ ಜಾಗದಲ್ಲಿ ಕಾಯುವುದು ಯಾರಿಗೂ ತಪ್ಪುವುದಿಲ್ಲ. ಎಲ್ಲಿ ಕಾಯಬೇಕು ಅನ್ನುವುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು. ಮೂರು ತಿಂಗಳು ಮೊದಲೇ ಮನೆಯಲ್ಲಿ ಕೂತು ಕಾಯಬಹುದು. ತಿರುಪತಿಯ ಕೌಂಟರ್ ಮುಂದೆ ಬೆಳಗಿನ ಜಾವ ಕಾಯಬಹುದು. ಮೆಟ್ಟಿಲ ಮೇಲೆ ಬೆವರು ಸುರಿಸಬಹುದು. ಇಲ್ಲವೇ ಬೆಟ್ಟದ ಮೇಲಿನ ಕಾಯುವ ಕೋಣೆಯಲ್ಲಿ, ಅಂದರೆ ಕಂಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಳೆಯಬಹುದು. ನಿಮ್ಮ ಗುಂಪಿನಲ್ಲಿ ಯಾರಿಗೆ ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆಯೋ, ಅವರನ್ನು ನೋಡಿ ಸಾಲು ಆರಿಸಿ. ಟಿಕೆಟ್ ಬೆಲೆ ನೋಡಿ ಆರಿಸಿದವರು ಬೇಜಾರು ಮಾಡಿಕೊಂಡು ಬಂದಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

300 ರೂಪಾಯಿ ಟಿಕೆಟ್

ಶೀಘ್ರ ದರ್ಶನ ಅಂತ ಕರೆಯುವುದು ಇದನ್ನೇ. ಆಫೀಸಿಗೆ ರಜೆ ಹಾಕಿ, ಒಂದೂವರೆ ದಿನದಲ್ಲಿ ಹೋಗಿ ಬರಬೇಕು ಅನ್ನುವವರಿಗೆ ಇದು ಸರಿ. ದೇವಸ್ಥಾನ ನೋಡಿಕೊಳ್ಳುವ ಟಿಟಿಡಿ (ತಿರುಮಲ ತಿರುಪತಿ ದೇವಸ್ಥಾನಂ) ವೆಬ್‌ಸೈಟಿನಲ್ಲಿ ಸುಮಾರು ಮೂರು ತಿಂಗಳು ಮುಂಚೆ ಬಿಡುತ್ತಾರೆ. ಸಾಮಾನ್ಯವಾಗಿ ತಿಂಗಳ 24ರ ಆಸುಪಾಸಿನಲ್ಲಿ, ಬೆಳಿಗ್ಗೆ 10 ಗಂಟೆಗೆ. ತಾರೀಖು ಆಗಾಗ ಹಿಂದೆ ಮುಂದೆ ಆಗುತ್ತದೆ, ಅದಕ್ಕೆ 20ನೇ ತಾರೀಖಿನಿಂದಲೇ ಸೈಟ್ ನೋಡುತ್ತಿರಿ.

10 ಗಂಟೆಗೆ ಲಾಗಿನ್ ಆದರೆ ಅಲ್ಲೂ ಒಂದು ಕ್ಯೂ. ಪರದೆಯ ಮೇಲೆ ಸುತ್ತುತ್ತಾ ಇರುತ್ತದೆ. ಒಳಗೆ ಹೋಗುವಷ್ಟರಲ್ಲಿ ಶನಿವಾರ, ಭಾನುವಾರ ಖಾಲಿ ಆಗಿರುತ್ತದೆ. ಆ ಹೊತ್ತಿನಲ್ಲಿ ಆಧಾರ್ ಹುಡುಕಿಕೊಂಡು ಕೂತರೆ ಕೆಟ್ಟಿತು. ಬರುವವರೆಲ್ಲರ ಹೆಸರು, ವಯಸ್ಸು, ಆಧಾರ್ ನಂಬರನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಂಗಳವಾರದಿಂದ ಗುರುವಾರದ ಒಳಗೆ ಯಾವ ದಿನ ಸಿಕ್ಕರೂ ಹಿಡಿದುಬಿಡಿ. 12 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಒಮ್ಮೆ ತೆಗೆದ ಮೇಲೆ ಹೆಸರು ಬದಲಾಯಿಸಲು ಆಗುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. "ನೋಡೋಣ, ಬಂದ್ರೆ ಬರ್ತೀನಿ" ಅನ್ನುವ ನೆಂಟರ ಹೆಸರು ಹಾಕುವ ಮುಂಚೆ ಎರಡು ಸಲ ಕೇಳಿ.

ಈಗ ಮುಖ್ಯವಾದ ಮಾತು. 300 ರೂಪಾಯಿ ಕೊಟ್ಟರೆ ದೇವರು ಹತ್ತಿರದಿಂದ ಕಾಣುತ್ತಾನೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಈ ಸಾಲೂ ಉಚಿತ ಸಾಲೂ ಮುಂದೆ ಹೋಗಿ ಒಂದೇ ಆಗುತ್ತವೆ. ದರ್ಶನ ಅಷ್ಟೇ ದೂರದಿಂದ, ಅಷ್ಟೇ ಕ್ಷಣ. "ಜರಗಂಡಿ, ಜರಗಂಡಿ" (ಸರಿಯಿರಿ, ಸರಿಯಿರಿ) ಎಲ್ಲರಿಗೂ ಒಂದೇ. ನೀವು ದುಡ್ಡು ಕೊಡುವುದು ಸಮಯ ಉಳಿಸುವುದಕ್ಕೆ. ಸಾಧಾರಣ ದಿನ 2ರಿಂದ 4 ಗಂಟೆ ಆಗುತ್ತದೆ. ರಶ್ ಇದ್ದರೆ ಇನ್ನೂ ಜಾಸ್ತಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಸಾಲಿನಲ್ಲಿ ಬಹುಪಾಲು ನಿಂತೇ ಇರಬೇಕು. ಕಂಬಿಗಳ ನಡುವೆ ನಾಲ್ಕು ಹೆಜ್ಜೆ ನಡೆದು, ಹತ್ತು ನಿಮಿಷ ನಿಂತು, ಮತ್ತೆ ನಾಲ್ಕು ಹೆಜ್ಜೆ. ಉಚಿತ ಸಾಲಿನವರು ಅಷ್ಟು ಹೊತ್ತೂ ಕಂಪಾರ್ಟ್‌ಮೆಂಟಿನಲ್ಲಿ ಕೂತಿರುತ್ತಾರೆ. ನಮ್ಮ ಅಮ್ಮ ಮೊದಲ ಸಲ ಈ ಸಾಲಿನಲ್ಲಿ ಮೂರು ಗಂಟೆ ನಿಂತರು. ಕೊನೆಯ ಅರ್ಧ ಗಂಟೆ ಕಂಬಿ ಹಿಡಿದುಕೊಂಡೇ ನಡೆದರು. ದೇವರ ಮುಂದೆ ಬಂದಾಗ ಕೈ ಮುಗಿಯಲು ಕಂಬಿ ಬಿಡಬೇಕಲ್ಲ, ಒಂದು ಕೈಯಲ್ಲಿ ನನ್ನ ತೋಳು ಹಿಡಿದು ಇನ್ನೊಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡರು. ಅಂದು ನಾನು ಆರಿಸಿದ ಸಾಲು ತಪ್ಪಾಗಿತ್ತು.

ಟಿಕೆಟ್ ಸಿಗದೇ ಇದ್ದಾಗ ದಲ್ಲಾಳಿಗಳ ಮಾತು ಕೇಳಬೇಡಿ. ನಮ್ಮ ಚಿಕ್ಕಪ್ಪ ಒಬ್ಬನಿಗೆ ತಲೆಗೆ 1,500 ರೂಪಾಯಿ ಕೊಟ್ಟು ಐದು ಟಿಕೆಟ್ ತಂದರು. ನೋಡಲು ಥೇಟ್ ಅಸಲಿ ತರಾನೇ ಇತ್ತು. ಬಾಗಿಲಲ್ಲಿ ಸ್ಕ್ಯಾನ್ ಮಾಡಿದರೆ ಬೇರೆ ಯಾರದ್ದೋ ಹೆಸರು. ಅತ್ತುಕೊಂಡೇ ಉಚಿತ ಸಾಲಿಗೆ ಹೋದರು. ಟಿಟಿಡಿ ಸೈಟಿನ ಹಾಗೇ ಕಾಣುವ ನಕಲಿ ಸೈಟುಗಳೂ ಇವೆ, ವಿಳಾಸ ಸರಿಯಾಗಿ ನೋಡಿ. ಪ್ಯಾಕೇಜ್ ಟೂರ್ ತೆಗೆದುಕೊಳ್ಳುವವರು ದರ್ಶನದ ಟಿಕೆಟ್ ಸೇರಿದೆಯಾ ಅಂತ ಬಾಯಿ ಬಿಟ್ಟು ಕೇಳಿ. ಪ್ರವಾಸೋದ್ಯಮ ನಿಗಮಗಳಿಗೆ ಕೊಡುತ್ತಿದ್ದ ಟಿಕೆಟ್ ಕೋಟಾ ರದ್ದು ಮಾಡಲು 2024ರ ನವೆಂಬರ್‌ನಲ್ಲಿ ಟಿಟಿಡಿ ಮಂಡಳಿ ತೀರ್ಮಾನ ಮಾಡಿತು. ಹಳೇ ಕಾಲದ ಲೆಕ್ಕದಲ್ಲಿ ಬುಕ್ ಮಾಡಿದರೆ ಬಸ್ಸು, ಊಟ ಮಾತ್ರ ಸಿಕ್ಕೀತು.

ತಿರುಪತಿಯಲ್ಲಿ ಕೊಡುವ ಉಚಿತ ಟೋಕನ್

ಆನ್‌ಲೈನ್ ಟಿಕೆಟ್ ಸಿಗದವರಿಗೆ ನಾನು ಮೊದಲು ಹೇಳುವುದು ಇದನ್ನು. ಬೆಟ್ಟ ಹತ್ತುವ ಮೊದಲೇ, ಕೆಳಗೆ ಊರಿನಲ್ಲಿ, ಆಧಾರ್ ತೋರಿಸಿದರೆ ದರ್ಶನದ ಸಮಯ ಹಾಕಿದ ಟೋಕನ್ ಕೊಡುತ್ತಾರೆ. ದುಡ್ಡಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಶ್ರೀನಿವಾಸಂ, ರೈಲ್ವೆ ಸ್ಟೇಷನ್ ಎದುರಿನ ವಿಷ್ಣು ನಿವಾಸಂ, ಬೆಟ್ಟದ ಬುಡದ ಅಲಿಪಿರಿ ಹತ್ತಿರದ ಭೂದೇವಿ ಕಾಂಪ್ಲೆಕ್ಸ್, ಈ ಮೂರು ಕಡೆ ಕೌಂಟರ್ ಇರುತ್ತದೆ. ದಿನದ ಕೋಟಾ ಮುಗಿಯುವವರೆಗೆ ಮಾತ್ರ. ಕುಟುಂಬದ ಪರವಾಗಿ ಒಬ್ಬರು ಹೋಗಿ ತರುವ ಹಾಗಿಲ್ಲ, ಎಲ್ಲರೂ ಕೌಂಟರಿಗೆ ಬರಬೇಕು.

ವಾರದ ಮಧ್ಯದಲ್ಲಿ ಸುಲಭವಾಗಿ ಸಿಗುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಹೋದರೆ ಕಷ್ಟ, ಅಲ್ಲಿ ಆಗಲೇ ಜನ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ನಾವು ಒಂದು ಬುಧವಾರ ಬೆಳಗಿನ ಜಾವ 4 ಗಂಟೆಗೆ ಹೋಗಿ ಮುಕ್ಕಾಲು ಗಂಟೆಯಲ್ಲಿ ಟೋಕನ್ ತೆಗೆದುಕೊಂಡೆವು. ದರ್ಶನದ ಸಮಯ ಮಧ್ಯಾಹ್ನಕ್ಕೆ ಬಂತು. ನಡುವೆ ರೂಮಿಗೆ ಹೋಗಿ ಮಲಗಿ, ಸ್ನಾನ ಮಾಡಿ, ತಿಂಡಿ ತಿಂದು ಆರಾಮಾಗಿ ಬೆಟ್ಟಕ್ಕೆ ಹೋದೆವು. ಒಳಗೆ ನಾಲ್ಕು ಗಂಟೆ ಆಯಿತು. 300 ರೂಪಾಯಿ ಸಾಲಿಗೆ ಹೋಲಿಸಿದರೆ ಒಂದೆರಡು ಗಂಟೆ ಜಾಸ್ತಿ ಅಷ್ಟೇ. ನಿದ್ದೆ ಕೆಡುತ್ತದೆ ಅನ್ನುವುದೊಂದೇ ತೊಂದರೆ.

ಒಂದು ಎಚ್ಚರಿಕೆ. ವೈಕುಂಠ ಏಕಾದಶಿ ಹೊತ್ತಿನಲ್ಲಿ ವಯಸ್ಸಾದವರನ್ನು, ಮಕ್ಕಳನ್ನು ಟೋಕನ್ ಕೌಂಟರಿಗೆ ಕರೆದುಕೊಂಡು ಹೋಗಲೇಬೇಡಿ. 2025ರ ಜನವರಿ 8ರಂದು ಇದೇ ಏಕಾದಶಿ ಟೋಕನ್ನಿಗಾಗಿ ತಿರುಪತಿಯಲ್ಲಿ ನೂಕುನುಗ್ಗಲಾಗಿ 6 ಜನ ತೀರಿಕೊಂಡರು. ದೇವರು ಇನ್ನೊಂದು ವಾರವೂ ಅಲ್ಲೇ ಇರುತ್ತಾನೆ.

ಮೆಟ್ಟಿಲು ಹತ್ತಿ ಹೋಗುವುದು

ಹರಕೆ ಹೊತ್ತವರಿಗೆ ಇದರಲ್ಲಿ ಆಯ್ಕೆಯ ಮಾತೇ ಇಲ್ಲ. ಉಳಿದವರು ಎರಡು ದಾರಿಗಳ ವ್ಯತ್ಯಾಸ ತಿಳಿದುಕೊಂಡರೆ ಒಳ್ಳೆಯದು.

ಅಲಿಪಿರಿ ದಾರಿ ಉದ್ದ. ಸುಮಾರು 9 ಕಿ.ಮೀ., 3,550 ಮೆಟ್ಟಿಲು. ಮೂರೂವರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಗಾಳಿಗೋಪುರದವರೆಗೆ ಉಸಿರು ಬಿಗಿಯುವಷ್ಟು ಏರು. ಆಮೇಲೆ ತುಂಬಾ ದೂರ ಹೆಚ್ಚುಕಡಿಮೆ ಸಮತಟ್ಟು. ಇನ್ನೇನು ಬಂತು ಅನ್ನುವಾಗ ಮೊಣಕಾಲು ಬೆಟ್ಟ ಎದುರಾಗುತ್ತದೆ. ರಾಮಾನುಜಾಚಾರ್ಯರು ಇದನ್ನು ಮೊಣಕಾಲಲ್ಲೇ ಹತ್ತಿದರು ಅನ್ನುತ್ತಾರೆ. ದಾರಿಯ ಹೆಚ್ಚು ಭಾಗಕ್ಕೆ ಸೂರು ಇದೆ, ನೀರಿದೆ, ಅಂಗಡಿಗಳಿವೆ. ನಮ್ಮ ಮುಂದೆ ಒಬ್ಬರು ಹೆಂಗಸು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಸವರಿ ಕುಂಕುಮ ಇಡುತ್ತಾ ಹೋಗುತ್ತಿದ್ದರು. ಕೈ ಬೆರಳುಗಳು ಮಣಿಕಟ್ಟಿನವರೆಗೂ ಕೆಂಪಾಗಿದ್ದವು. ನಾವು ಕಾಲು ನೋವು ಅಂತ ಮಾತಾಡುವುದನ್ನು ಅಲ್ಲಿಗೆ ನಿಲ್ಲಿಸಿದೆವು. ಲಗೇಜನ್ನು ಕೆಳಗೇ ಕೊಟ್ಟರೆ ದುಡ್ಡಿಲ್ಲದೆ ಮೇಲೆ ತಲುಪಿಸುತ್ತಾರೆ, ಚೀಟಿ ಕಳೆಯಬೇಡಿ.

ಶ್ರೀವಾರಿ ಮೆಟ್ಟು ಗಿಡ್ಡ ದಾರಿ. 2.1 ಕಿ.ಮೀ., 2,388 ಮೆಟ್ಟಿಲು. ತಿರುಪತಿ ಊರಿನಿಂದ ಶ್ರೀನಿವಾಸ ಮಂಗಾಪುರದ ಕಡೆ ಹೋಗಬೇಕು. ಒಂದೂವರೆ ಗಂಟೆ ಸಾಕು. ಆದರೆ ಉದ್ದಕ್ಕೂ ಏರು, ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಕಡಿಮೆ. ಸಂಜೆಯ ಮೇಲೆ ಬಿಡುವುದಿಲ್ಲ. ಹರೆಯದವರು, ದಿನಾ ನಡೆಯುವವರು ಇದನ್ನು ಹಿಡಿಯಬಹುದು. ನಲವತ್ತು ದಾಟಿ ಅಭ್ಯಾಸ ಇಲ್ಲದವರು ಅಲಿಪಿರಿಯನ್ನೇ ನಿಧಾನವಾಗಿ ಹತ್ತಿದರೆ ಮೇಲು.

ನಡೆದು ಹೋಗುವವರಿಗೆ ದಿವ್ಯದರ್ಶನ ಟೋಕನ್ ಇದೆ. ಆದರೆ ಅದನ್ನು ಎಲ್ಲಿ ಕೊಡುತ್ತಾರೆ, ಯಾವ ದಾರಿಯವರಿಗೆ ಕೊಡುತ್ತಾರೆ ಅನ್ನುವುದು ಪದೇ ಪದೇ ಬದಲಾಗುತ್ತದೆ. ಮೆಟ್ಟಿಲ ಬುಡದಲ್ಲೇ ಸಿಗುತ್ತದೆ ಅಂತ ಹೋಗಿ ಮತ್ತೆ ಭೂದೇವಿ ಕಾಂಪ್ಲೆಕ್ಸಿಗೆ ಓಡಿದವರಿದ್ದಾರೆ. ಹಿಂದಿನ ದಿನ ವಿಚಾರಿಸಿ. ಟೋಕನ್ ಸಿಕ್ಕಿದರೂ ಅದು ಸಮಯ ಹಾಕಿದ ಟೋಕನ್ನೇ. ಹತ್ತಿದ ಕೂಡಲೇ ಒಳಗೆ ಬಿಡುವುದಿಲ್ಲ. ಸಮಯ ಉಳಿಸಬೇಕು ಅನ್ನುವ ಲೆಕ್ಕಕ್ಕೆ ಮೆಟ್ಟಿಲು ಹತ್ತಬೇಡಿ, ಹತ್ತಬೇಕು ಅನ್ನಿಸಿದರೆ ಹತ್ತಿ.

ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಬೇಗ ಹೊರಡಿ. 2023ರ ಆಗಸ್ಟ್‌ನಲ್ಲಿ ಅಲಿಪಿರಿ ದಾರಿಯಲ್ಲಿ ಚಿರತೆ ದಾಳಿಗೆ ಪುಟ್ಟ ಹುಡುಗಿಯೊಬ್ಬಳು ಸತ್ತಳು. ಆಮೇಲೆ ಮಧ್ಯಾಹ್ನದ ಮೇಲೆ ಮಕ್ಕಳನ್ನು ಮೆಟ್ಟಿಲ ದಾರಿಗೆ ಬಿಡದಂತೆ ನಿಯಮ ತಂದರು. ಗುಂಪು ಬಿಟ್ಟು ಮುಂದೆ ಓಡಲು ಮಕ್ಕಳನ್ನು ಬಿಡಬೇಡಿ.

ಟೋಕನ್ ಇಲ್ಲದ ಸರ್ವದರ್ಶನ

ಯಾವ ಚೀಟಿಯೂ ಇಲ್ಲದೆ ನೇರ ಬೆಟ್ಟಕ್ಕೆ ಹೋಗಿ ನಿಲ್ಲುವ ಸಾಲು ಇದು. ನಮ್ಮ ಹಿರಿಯರು ಧರ್ಮದರ್ಶನ ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದೂ ಇದೇ. ವೈಕುಂಠಂ ಕ್ಯೂ ಕಾಂಪ್ಲೆಕ್ಸಿನ ಕಂಪಾರ್ಟ್‌ಮೆಂಟ್‌ಗಳು ತುಂಬಿದ ಮೇಲೆ ಸಾಲು ಹೊರಗೆ ಬೆಳೆಯುತ್ತದೆ. ರಜೆ ದಿನಗಳಲ್ಲಿ ಶಿಲಾತೋರಣ ಅನ್ನುವ ಕಲ್ಲಿನ ಕಮಾನಿನವರೆಗೂ ಹೋಗುತ್ತದೆ. 8 ಗಂಟೆಯೂ ಆಗಬಹುದು, 24 ಗಂಟೆಯೂ ಆಗಬಹುದು. ಸಾಲು ಶಿಲಾತೋರಣ ಮುಟ್ಟಿದೆ ಅಂತ ಸುದ್ದಿ ಬಂದರೆ ಒಂದು ರಾತ್ರಿ ಒಳಗೇ ಅಂತ ಲೆಕ್ಕ ಹಾಕಿ.

ಇಷ್ಟಾದರೂ ಈ ಸಾಲನ್ನು ನಾನು ಕಡೆಗಣಿಸುವುದಿಲ್ಲ. ಒಮ್ಮೆ ಮೇ ತಿಂಗಳಲ್ಲಿ 17 ಗಂಟೆ ಇದರಲ್ಲಿ ಕಳೆದಿದ್ದೇನೆ. ಕಂಪಾರ್ಟ್‌ಮೆಂಟ್ ಅಂದರೆ ದೊಡ್ಡ ಹಾಲ್. ಸುತ್ತ ಜಾಲರಿ, ಮೇಲೆ ಫ್ಯಾನು, ಒಂದು ಮೂಲೆಯಲ್ಲಿ ಟಿವಿ, ಇನ್ನೊಂದು ಕಡೆ ಶೌಚಾಲಯ. ಮಕ್ಕಳಿಗೆ ಹಾಲು ಬರುತ್ತದೆ. ಉಪ್ಪಿಟ್ಟು, ಪೊಂಗಲ್, ಸಾಂಬಾರ್ ಅನ್ನ ಬರುತ್ತದೆ. ನಮ್ಮ ಪಕ್ಕ ಮಂಡ್ಯ ಕಡೆಯ ಒಬ್ಬರು ಅಜ್ಜಿ ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ಹುರಿಗಡಲೆ, ಬೆಲ್ಲ ತೆಗೆದರು. ತಾವು ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಸುತ್ತ ಇದ್ದ ಮಕ್ಕಳಿಗೆಲ್ಲ ಹಂಚಿದರು. ಇದು ಅವರಿಗೆ ಮೂವತ್ತನೇ ಸಲವಂತೆ, ಒಂದು ಸಲವೂ ಟಿಕೆಟ್ ತೆಗೆದಿಲ್ಲವಂತೆ. ನಡುರಾತ್ರಿ ಬಾಗಿಲ ಬೀಗ ತೆಗೆದ ಸದ್ದಾಯಿತು. ಮಲಗಿದ್ದವರೆಲ್ಲ ಒಟ್ಟಿಗೇ ಎದ್ದು "ಗೋವಿಂದಾ... ಗೋವಿಂದ" ಅಂದರು. ಆ ದನಿ ಕೇಳಿದರೆ ಮೈ ಝುಂ ಅನ್ನುತ್ತದೆ. ಟಿಕೆಟ್ ಸಾಲಿನಲ್ಲಿ ನನಗೆ ಅದು ಸಿಕ್ಕಿಲ್ಲ.

ಬಾಗಿಲು ತೆಗೆದಾಗ ಓಡಬೇಡಿ. ಬೀಳುವುದು, ಮಕ್ಕಳು ಕೈ ತಪ್ಪುವುದು ಆಗಲೇ. ಒಂದು ನಿಮಿಷ ತಡೆದು ಕೊನೆಯಲ್ಲಿ ಹೊರಟರೆ ದರ್ಶನಕ್ಕೆ ಹತ್ತು ನಿಮಿಷ ತಡವಾಗಬಹುದು, ಅಷ್ಟೇ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮಾತ್ರೆಯನ್ನು ಮೈಮೇಲೇ ಇಟ್ಟುಕೊಳ್ಳಿ, ರೂಮಿನಲ್ಲಿ ಬಿಟ್ಟರೆ ತರಲು ಆಗುವುದಿಲ್ಲ. ಒಂದು ತೆಳು ಹೊದಿಕೆ ಇರಲಿ. ಬೇಸಿಗೆಯಲ್ಲೂ ಬೆಟ್ಟದ ಮೇಲೆ ರಾತ್ರಿ ಚಳಿ ಆಗುತ್ತದೆ. ಕೈಯಲ್ಲಿ ಎರಡು ದಿನ ಇದ್ದು, ಮನೆಯವರೆಲ್ಲ ಗಟ್ಟಿಮುಟ್ಟಾಗಿದ್ದರೆ ಧೈರ್ಯವಾಗಿ ಹೋಗಿ. ಸಂಜೆ ಬಸ್ಸಿಗೆ ವಾಪಸ್ ಟಿಕೆಟ್ ಮಾಡಿಸಿಕೊಂಡು ಈ ಸಾಲಿಗೆ ನಿಲ್ಲಬೇಡಿ.

ವಯಸ್ಸಾದವರು, ಹಸುಗೂಸು ಇದ್ದರೆ

65 ದಾಟಿದವರಿಗೆ, ಅಂಗವಿಕಲರಿಗೆ ಬೇರೆ ಕೋಟಾ ಇದೆ. ಅದೂ ಉಚಿತ, ಅದನ್ನೂ ಆನ್‌ಲೈನ್‌ನಲ್ಲಿ ಮೂರು ತಿಂಗಳು ಮುಂಚೆ ಬುಕ್ ಮಾಡಬೇಕು. ಹತ್ತುವ ಮೆಟ್ಟಿಲಿಲ್ಲ, ನೂಕಾಟವಿಲ್ಲ, ಕೂರಲು ಜಾಗ ಇದೆ. ಅಮ್ಮನಿಗೆ ಕೊನೆಗೂ ಹೊಂದಿದ್ದು ಇದೇ. ಒಳಗೆ ಹೋಗಿ ಒಂದು ಗಂಟೆಯೊಳಗೆ ಹೊರಗೆ ಬಂದರು. ಮೊದಲೇ ಗೊತ್ತಿದ್ದಿದ್ದರೆ ಆ ಮೂರು ಗಂಟೆ ಅವರನ್ನು ನಿಲ್ಲಿಸುತ್ತಿರಲಿಲ್ಲ. ಜೊತೆಗೆ ಯಾರನ್ನು ಬಿಡುತ್ತಾರೆ ಅನ್ನುವುದನ್ನು ಬುಕ್ ಮಾಡುವಾಗಲೇ ಓದಿಕೊಳ್ಳಿ. ಮಕ್ಕಳು, ಸೊಸೆ, ಮೊಮ್ಮಕ್ಕಳು ಎಲ್ಲರೂ ಜೊತೆಗೆ ಹೋಗಲು ಆಗುವುದಿಲ್ಲ.

"ಆಧಾರ್ ತೋರಿಸಿದರೆ ಸಾಕು, ಹಿರಿಯರನ್ನು ಅರ್ಧ ಗಂಟೆಯಲ್ಲಿ ನೇರ ಬಿಡುತ್ತಾರೆ" ಅನ್ನುವ ವಾಟ್ಸಾಪ್ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಸುಳ್ಳು ಅಂತ ಟಿಟಿಡಿಯವರೇ ಹೇಳಿದ್ದಾರೆ. ಅದನ್ನು ನಂಬಿ ಅಪ್ಪ ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಬೇಡಿ.

ಒಂದು ವರ್ಷದೊಳಗಿನ ಮಗು ಇದ್ದರೆ ಅಪ್ಪ ಅಮ್ಮನಿಗೆ ಸುಪಥಂ ಬಾಗಿಲಿನಿಂದ ದರ್ಶನಕ್ಕೆ ಅವಕಾಶ ಇದೆ. ಮಗುವಿನ ಜನನ ಪ್ರಮಾಣ ಪತ್ರ, ನಿಮ್ಮ ಆಧಾರ್ ಎರಡೂ ಬೇಕು. ಒಂದು ವರ್ಷ ತುಂಬುವ ಮುಂಚೆ ಹೋಗಿಬಂದರೆ ಅನುಕೂಲ, ಅಲ್ವಾ?

ಜಾಸ್ತಿ ದುಡ್ಡಿನ ದಾರಿಗಳು

ಟಿಟಿಡಿಯದ್ದೇ ಆದ ಶ್ರೀವಾಣಿ ಟ್ರಸ್ಟಿಗೆ 10,000 ರೂಪಾಯಿ ಕಾಣಿಕೆ, ಮೇಲೆ 500 ರೂಪಾಯಿ ಟಿಕೆಟ್, ತಲೆಗೆ. ಹತ್ತಿರದಿಂದ ದರ್ಶನ ಆಗುತ್ತದೆ. ಕೊಡುವ ಮನಸ್ಸು, ಅನುಕೂಲ ಎರಡೂ ಇರುವವರಿಗೆ ಸರಿ. ಸಾಲ ಮಾಡಿ ಕೊಡುವಂಥದ್ದಲ್ಲ. ಗಂಡ ಹೆಂಡತಿ ಹೋಗುವುದಾದರೆ ನಾನು ಕಲ್ಯಾಣೋತ್ಸವವನ್ನೇ ಹೇಳುತ್ತೇನೆ. ಇಬ್ಬರಿಗೆ 1,000 ರೂಪಾಯಿ. ಕೂತು ಸೇವೆ ನೋಡಬಹುದು, ಆಮೇಲೆ ದರ್ಶನವೂ ಇದೆ. ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು.

ಯಾವ ದಿನ ಹೋಗುವುದು

ಸಾಲಿನಷ್ಟೇ ದಿನವೂ ಮುಖ್ಯ. ಬೇಸಿಗೆ ರಜೆ, ಬ್ರಹ್ಮೋತ್ಸವ, ವೈಕುಂಠ ಏಕಾದಶಿ, ರಥಸಪ್ತಮಿ, ಹೊಸ ವರ್ಷ, ಇವು ಎಲ್ಲರಿಗೂ ಗೊತ್ತು. ನಮ್ಮವರು ಮರೆಯುವುದು ತಮಿಳರ ಪುರಟ್ಟಾಸಿ ತಿಂಗಳನ್ನು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬರುತ್ತದೆ. ಆ ಶನಿವಾರಗಳಲ್ಲಿ ತಮಿಳುನಾಡಿನಿಂದ ಜನಸಾಗರ ಬರುತ್ತದೆ. ಮಕ್ಕಳಿಗೆ ಶಾಲೆ ಶುರುವಾಗಿ ಎರಡು ಮೂರು ವಾರ ಆದ ಮೇಲೆ ಮಂಗಳವಾರ ಅಥವಾ ಬುಧವಾರ ಹೋಗಿ ನೋಡಿ. ಬೇರೆಯೇ ತಿರುಮಲ ಕಾಣುತ್ತದೆ.

ಗುರುವಾರ ನನಗೆ ಇಷ್ಟದ ದಿನ. ಅಂದು ನಾಮವನ್ನು ಚಿಕ್ಕದು ಮಾಡುತ್ತಾರೆ, ಸ್ವಾಮಿಯ ಕಣ್ಣು ಕಾಣುತ್ತದೆ. ನೇತ್ರದರ್ಶನ ಅನ್ನುತ್ತಾರೆ. ಶುಕ್ರವಾರ ಬೆಳಗಿನ ಜಾವ ಅಭಿಷೇಕ ಇರುವುದರಿಂದ ಸಾಮಾನ್ಯ ದರ್ಶನ ಶುರುವಾಗುವುದು ತಡ.

ಕಾರಿನಲ್ಲಿ ಹೋಗುವವರು ಮುಳಬಾಗಿಲು, ಚಿತ್ತೂರು ಮೇಲೆ ಐದಾರು ಗಂಟೆ ಇಟ್ಟುಕೊಳ್ಳಿ. ಅಲಿಪಿರಿ ತಪಾಸಣೆಯಲ್ಲೂ ಒಂದು ಸಾಲು ಇರುತ್ತದೆ, ಫಾಸ್ಟ್‌ಟ್ಯಾಗ್ ಕಡ್ಡಾಯ. ಮುಡಿ ಕೊಡುವವರಿದ್ದರೆ ಕಲ್ಯಾಣಕಟ್ಟೆಗೆ, ಆಮೇಲೆ ಸ್ನಾನಕ್ಕೆ ಬೇರೆ ಸಮಯ ಬೇಕು. ಟೋಕನ್‌ನಲ್ಲಿರುವ ಹೊತ್ತಿಗೆ ಮೂರು ಗಂಟೆ ಮುಂಚೆ ಬೆಟ್ಟದ ಮೇಲೆ ಇರಿ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಇರುವ ಚೂಡಿದಾರ್. ಪುಷ್ಕರಿಣಿ ದಡದ ವರಾಹಸ್ವಾಮಿಯನ್ನು ಮೊದಲು ನೋಡುವುದು ಸಂಪ್ರದಾಯ, ಅಲ್ಲಿ ಸಾಲು ಚಿಕ್ಕದು.

ಮಹಾದ್ವಾರ ದಾಟಿ ಒಳಗೆ ಬಂದ ಕೂಡಲೇ ಒಂದು ಸಲ ಬಲಕ್ಕೆ ನೋಡಿ. ನಮ್ಮ ಕೃಷ್ಣದೇವರಾಯ ಇಬ್ಬರು ರಾಣಿಯರ ಜೊತೆ ಕೈ ಮುಗಿದು ನಿಂತಿದ್ದಾನೆ. ಏಳು ಸಲ ಈ ಬೆಟ್ಟಕ್ಕೆ ಬಂದ ದೊರೆ. ಸಾಲು ತಳ್ಳಿಕೊಂಡು ಹೋಗುವಾಗ ಎಷ್ಟೋ ಕನ್ನಡದವರು ನೋಡದೇ ದಾಟಿಬಿಡುತ್ತಾರೆ.

ಇನ್ನು ಮೊಬೈಲ್. ಒಳಗೆ ಬಿಡುವುದಿಲ್ಲ, ಮೊದಲೇ ಕೊಟ್ಟು ಹೋಗಬೇಕು. ದರ್ಶನ ಮುಗಿದ ಮೇಲೆ ಜನರ ನಡುವೆ ನಮ್ಮವರು ತಪ್ಪಿ ಹೋದರೆ ಕರೆಯಲು ಫೋನಿಲ್ಲ. ಹುಂಡಿ ಕಡೆ ಒಬ್ಬರು, ಲಡ್ಡು ಕೌಂಟರ್ ಕಡೆ ಒಬ್ಬರು ಆಗಿಬಿಡುತ್ತಾರೆ. ಸಾಲಿಗೆ ಹೋಗುವ ಮುಂಚೆಯೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ನಾವು ಯಾವಾಗಲೂ ಮಹಾದ್ವಾರದ ಎದುರಿಗಿರುವ ಬೇಡಿ ಆಂಜನೇಯನ ಗುಡಿ ಅಂತ ಇಟ್ಟುಕೊಳ್ಳುತ್ತೇವೆ. ಅಮ್ಮನ ಕೈಗೆ ನನ್ನ ನಂಬರ್ ಬರೆದ ಚೀಟಿಯನ್ನೂ ಕೊಡುತ್ತೇನೆ. ಹೋದ ಸಲ ನಾನು ಹೊರಗೆ ಬರುವಷ್ಟರಲ್ಲಿ ಅಮ್ಮ ಆಗಲೇ ಅಲ್ಲಿ ಕಟ್ಟೆಯ ಮೇಲೆ ಕೂತು, ಪಕ್ಕದವರ ಮಗುವಿಗೆ ಲಡ್ಡು ಮುರಿದು ಕೊಡುತ್ತಿದ್ದರು.